ಮೇಲ್ಮುದ್ದೆಯ ಮನೆ



ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬುದು ನಮ್ಮ ಸೀಮೆಯ ಹಳೆಯ ಮಾತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಹಳೆಯ ತಾಲೂಕುಗಳ ಈ ನಾಡಿನಲ್ಲಿ ನೋಡತಕ್ಕ ಕಟ್ಟಡಗಳಿಗೆ ಕೊರತೆಯಿಲ್ಲ. ಇಟಗಿಯ ಮಹಾದೇವ ದೇವಾಲಯ, ಕುಕನೂರಿನ ನವಲಿಂಗ ಗುಡಿ, ಆನೆಗೊಂದಿಯ ಕೋಟೆ, ಕೊಪ್ಪಳದ ಬೆಟ್ಟದ ಮೇಲಿನ ದುರ್ಗ ಇವುಗಳನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ, ಪ್ರವಾಸಿಗಳು ಬಂದು ನೋಡುತ್ತಾರೆ. ನಾನು ಈ ಹೊತ್ತು ಹೇಳಲು ಹೊರಟಿರುವ ಕಟ್ಟಡವನ್ನು ಯಾರೂ ಬಂದು ನೋಡುವುದಿಲ್ಲ. ಅದಕ್ಕೆ ಶಾಸನವಿಲ್ಲ, ಕಟ್ಟಿಸಿದವರ ಹೆಸರಿಲ್ಲ, ಕಟ್ಟಿದ ವರ್ಷ ಮನೆಯವರಿಗೇ ನೆನಪಿಲ್ಲ. ಅದರ ಬಾಗಿಲು ಗಿಡ್ಡದಾದ್ದರಿಂದ ಒಳಗೆ ಹೋಗುವವರು ತಲೆ ಬಾಗಿಸಬೇಕಾಗುತ್ತದೆ. ತಲೆಬಾಗಿಲೆಂಬ ಹೆಸರು ಅದಕ್ಕೇ ಬಂತೆಂದು ಹಿರಿಯರು ನಗೆಯಾಡುವುದುಂಟು. ಕಲ್ಲುಮಣ್ಣಿನ ಗೋಡೆ, ಮರದ ಕಂಬ, ಮೇಲೆ ಮಟ್ಟಸವಾದ ಮಣ್ಣಿನ ಮಾಳಿಗೆ ಇರುವ ರೈತನ ಮನೆ ಅದು. ಮೇಲ್ಮುದ್ದೆಯ ಮನೆಯೆಂದು ಅದನ್ನು ಕರೆಯುತ್ತಾರೆ.

ಮನೆಯ ಆಕಾರವನ್ನು ಮೊದಲು ನಿರ್ಣಯಿಸುವುದು ಆಕಾಶ. ಮಲೆನಾಡಿನಲ್ಲಿ ಮಳೆ ಧಾರಾಳ. ಅಲ್ಲಿಯ ಮನೆ ಕಡಿದಾದ ಇಳಿಜಾರು ಮಾಡಿಕೊಂಡು ನೀರನ್ನು ಬೇಗನೆ ಕೆಳಗೆ ದೂಡುತ್ತದೆ. ಕೊಪ್ಪಳದ ಬಯಲಿನಲ್ಲಿ ವರ್ಷವಿಡೀ ಬೀಳುವ ಮಳೆ ೬೦೦ ಮಿಲಿಮೀಟರಿನ ಆಸುಪಾಸು, ಅದರಲ್ಲಿಯೂ ಹೆಚ್ಚಿನದು ಮಳೆಗಾಲದ ಕೊನೆಗೆ ಬರುವಂಥದು. ಬೇಸಿಗೆಯಲ್ಲಿ ಬಿಸಿಲು ೪೦ ಡಿಗ್ರಿ ದಾಟುತ್ತದೆ. ಇಲ್ಲಿಯ ಮನೆಗೆ ಮಳೆ ವರ್ಷದಲ್ಲಿ ಕೆಲವು ವಾರಗಳ ಅತಿಥಿ, ಬಿಸಿಲು ಮಾತ್ರ ಖಾಯಂ ನಿವಾಸಿ. ಗಂಗಾವತಿ, ಕೊಪ್ಪಳಗಳ ಕಡೆ ಗ್ರಾನೈಟ್ ಗುಡ್ಡಗಳು, ಯಲಬುರ್ಗಾ ಕಡೆಗೆ ಹೋದಂತೆ ಎರೆಯ ಹೊಲಗಳು. ದೊಡ್ಡ ಮರ ಎಲ್ಲಿಯೂ ಅಪರೂಪ. ಕಲ್ಲು ಹೇರಳ, ಮಣ್ಣು ಹೇರಳ, ಮರ ವಿರಳ, ಮಳೆ ಮಿತ, ಬಿಸಿಲು ಅಮಿತ. ಈ ಐದು ಸಂಗತಿಗಳನ್ನು ಒಬ್ಬ ಜಾಣನ ಮುಂದಿಟ್ಟು ಮನೆಯೊಂದನ್ನು ಕಟ್ಟೆಂದರೆ ಅವನು ಕಟ್ಟುವುದು ಮೇಲ್ಮುದ್ದೆಯ ಮನೆಯನ್ನೇ. ವ್ಯತ್ಯಾಸವಿಷ್ಟೆ: ಇದನ್ನು ಕಟ್ಟಿದ ಜಾಣ ಒಬ್ಬನಲ್ಲ, ನೂರಾರು ತಲೆಮಾರಿನ ಜನ.

ಹಾಗೆಂದು ಈ ನಾಡಿನ ಮನೆ ಮೊದಲಿನಿಂದಲೂ ಹೀಗೇ ಇತ್ತೆಂದಲ್ಲ. ಗಂಗಾವತಿಗೆ ನೆರೆಯಾದ ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾಯರೂ ಕೆ. ಸಿ. ಮಲ್ಹೋತ್ರರೂ ನಡೆಸಿದ ಉತ್ಖನನದ ವರದಿ ೧೯೬೫ರಲ್ಲಿ ಪ್ರಕಟವಾಯಿತು. ಗುಡ್ಡದ ಮೇಲೆ ವಾಸವಾಗಿದ್ದ ನವಶಿಲಾಯುಗದ ಜನರ ದುಂಡನೆಯ ಗುಡಿಸಲುಗಳ ನೆಲ, ಕಂಬ ನೆಟ್ಟ ಕುಳಿಗಳು ಅಲ್ಲಿ ದೊರೆತವು. ಮೇಲೆ ಹುಲ್ಲಿನ ಹೊದಿಕೆ ಗೋಪುರದಂತೆ ಇದ್ದಿರಬೇಕೆಂದು ಊಹಿಸಲಾಗಿದೆ. ಹುಲ್ಲಿನ ಸೂರು ಈ ಸೀಮೆಯಲ್ಲಿ ಆಮೇಲೆಯೂ ಮಾಯವಾಗಲಿಲ್ಲ. ಹೊಲದ ಗುಡಿಸಲಿನಲ್ಲಿ, ತುಂಗಭದ್ರೆಯ ದಡದ ತೋಟಗಳಲ್ಲಿ, ಊರಂಚಿನ ಬಡವರ ಜೋಪಡಿಗಳಲ್ಲಿ ಅದು ಉಳಿದುಕೊಂಡು ಬಂದಿತು. ಹೊಳೆಯ ಬದಿಯ ಆಪು, ಕಬ್ಬಿನ ರವದಿ, ಬೆಟ್ಟದ ಹುಲ್ಲು, ಹೀಗೆ ಕೈಗೆ ಸಿಕ್ಕಿದ್ದು ಸೂರಾಯಿತು.

ಮಟ್ಟಸವಾದ ಮಾಳಿಗೆಯ ಕಲ್ಪನೆಯೂ ಇಲ್ಲಿ ಹೊಸದಲ್ಲ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಕಲ್ಲಿನ ಸಮಾಧಿಗಳಿವೆ. ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಎದುರಿನ ಕಲ್ಲಿಗೆ ದುಂಡನೆಯ ಕಿಂಡಿ ಕೊರೆದ ಈ ಕೋಣೆಗಳು ಎರಡು ಸಾವಿರ ವರ್ಷಗಳಿಗೂ ಹಿಂದಿನವು. ಮೋರೇರೆಂಬ ಕುಳ್ಳ ಜನ ಇವುಗಳಲ್ಲಿ ಬಾಳಿದ್ದರೆಂದು ಸುತ್ತಲಿನ ಹಳ್ಳಿಗರು ಹೇಳುತ್ತಾರೆ. ಸತ್ತವರಿಗಾಗಿ ಕಟ್ಟಿದ್ದನ್ನೂ ಜನ ಮನೆಯೆಂದೇ ಗುರುತಿಸಿದರೆಂಬುದು ನನಗೆ ಅರ್ಥವತ್ತಾಗಿ ಕಾಣುತ್ತದೆ. ನಿಜಾಮನ ಸೇವೆಯಲ್ಲಿದ್ದು ಸುರಪುರದಲ್ಲಿ ಬಹುಕಾಲ ನೆಲೆಸಿದ್ದ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ ದಖನ್ನಿನ ಇಂಥ ಕಲ್ಲುಮನೆಗಳನ್ನು ಕಂಡಾಗ ತನ್ನ ನಾಡಿನ ಪುರಾತನ ಕಲ್ಲುಗೋರಿಗಳನ್ನು ನೆನೆದು, ಎರಡನ್ನೂ ಹೋಲಿಸಿ ಬರೆದ. ಆ ಹೋಲಿಕೆ ಅವನಿಗೆ ಸತ್ತವರ ಮನೆಗಳಲ್ಲಿ ಹೊಳೆಯಿತು. ಬದುಕಿರುವವರ ಮನೆಗಳಲ್ಲಿಯೂ ಅಷ್ಟೇ ಸೋಜಿಗದ ಒಂದು ಹೋಲಿಕೆಯಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ನಮ್ಮ ಮನೆಯೊಳಗೆ ಹೋಗೋಣ.

ಊರ ಅಗಸಿಯನ್ನು ದಾಟಿ ಓಣಿಯೊಳಗೆ ಬಂದರೆ ಮನೆಯ ಮುಂದೆ ಕಟ್ಟೆ. ಕಟ್ಟೆ ಮನೆಯವರದು ಹೌದು, ಓಣಿಯವರದೂ ಹೌದು. ಅಲ್ಲಿ ಕೂಡಲು ಯಾರ ಅಪ್ಪಣೆಯೂ ಬೇಕಿಲ್ಲ. ತಲೆಬಾಗಿಲನ್ನು ದಾಟಿದೊಡನೆ ಪಟ್ಟಣದಿಂದ ಬಂದವರು ಕ್ಷಣಕಾಲ ತಡೆದು ನಿಲ್ಲುತ್ತಾರೆ. ಅತಿಥಿಗಳನ್ನು ಕೂರಿಸುವ ಕೋಣೆ ಇರಬೇಕಾದಲ್ಲಿ ಎತ್ತುಗಳು ನಿಂತಿರುತ್ತವೆ! ದನದ ಹಕ್ಕೆ, ಆಡುಮಾತಿನ ದಂದಕ್ಕಿ, ಮನೆಯ ಮೊದಲ ಭಾಗ. ಗೋಡೆಯ ಗುಂಟ ಗೋದಲಿ, ನೆಲಕ್ಕೆ ಕಲ್ಲಿನ ಹಾಸು, ಗಂಜಳ ಹರಿದುಹೋಗಲು ಸಣ್ಣ ಕಾಲುವೆ. ಅದರಿಂದ ಎರಡು ಮೂರಡಿ ಎತ್ತರದಲ್ಲಿ ಪಡಸಾಲೆ. ಮನೆಯವರು ಉಣ್ಣುವುದು, ಮಲಗುವುದು, ನೆಂಟರೊಡನೆ ಮಾತಾಡುವುದು, ಮದುವೆಯ ಮಾತು ಮುಗಿಸುವುದು ಎಲ್ಲವೂ ಅಲ್ಲಿ, ಎತ್ತುಗಳ ಸಮಕ್ಷಮದಲ್ಲಿ. ಪಡಸಾಲೆಯ ಹಿಂದೆ ಅಡುಗೆಯ ಮನೆ, ದೇವರ ಕೋಣೆ, ಕಾಳಿನ ಗುಮ್ಮಿಗಳಿರುವ ಕತ್ತಲೆಯ ಕೋಣೆ, ಅದರಾಚೆ ಹಿತ್ತಲು. ಜೋಳವನ್ನು ವರ್ಷಗಟ್ಟಲೆ ಕಾಪಿಡುವ ಹಗೇವು ನೆಲದೊಳಗೆ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಅದು ಬರಗಾಲದ ಭಂಡಾರ.

ಈ ವಿನ್ಯಾಸವನ್ನು ಅಜ್ಞಾನದ ಫಲವೆಂದು ತಿಳಿಯುವವರಿದ್ದಾರೆ. ಎತ್ತು ಕಳುವಾದರೆ ರೈತನ ಒಂದು ವರ್ಷ ಕಳುವಾದಂತೆ. ಆದ್ದರಿಂದ ಎತ್ತನ್ನು ತಲೆಬಾಗಿಲಿನ ಒಳಗೆ, ತಾನು ಮಲಗುವ ಜಾಗದ ಕಣ್ಣಳತೆಯಲ್ಲಿ ಕಟ್ಟಿದ. ದನವನ್ನು ತಗ್ಗಿನಲ್ಲಿಯೂ ಮನುಷ್ಯರನ್ನು ಎತ್ತರದಲ್ಲಿಯೂ ಇಟ್ಟದ್ದು ಗಂಜಳ, ಕೊಳೆ ಮೇಲೇರಿ ಬಾರದಿರಲೆಂದು. ಹೆಂಗಸರು ನಸುಕಿನಲ್ಲಿ ಕತ್ತಲೆಯ ಹಿತ್ತಲಿಗೆ ಹೋಗದೆ ಮನೆಯೊಳಗೇ ಹಾಲು ಹಿಂಡಿದರು. ಸೊಳ್ಳೆ, ಉಣ್ಣೆ, ವಾಸನೆಗಳು ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಅವುಗಳನ್ನು ತೂಗಿ ನೋಡಿಯೇ ಈ ಏರ್ಪಾಟನ್ನು ಒಪ್ಪಿಕೊಂಡರೆಂದು ಹೇಳುತ್ತೇನೆ.

ಮನೆಯ ಅಳತೆ ಅಡಿಯಲ್ಲಲ್ಲ, ಅಂಕಣದಲ್ಲಿ. ನಾಲ್ಕು ಕಂಬಗಳ ನಡುವಣ ಚೌಕ ಒಂದು ಅಂಕಣ. ಕೆಲವೆಡೆ ಖಣವೆಂದೂ ಹೇಳುತ್ತಾರೆ. ಐದು ಅಂಕಣದ ಮನೆ, ಒಂಬತ್ತು ಅಂಕಣದ ಮನೆ ಎಂದರೆ ಕೇಳಿದವರಿಗೆ ಮನೆಯೂ ತಿಳಿಯಿತು, ಮನೆತನವೂ ತಿಳಿಯಿತು. ಈ ಮಾತು ದೇವಾಲಯದ ಮಾತೂ ಹೌದು. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ೧೧೧೨ರಲ್ಲಿ ಇಟಗಿಯಲ್ಲಿ ಕಟ್ಟಿಸಿದ, ದೇವಾಲಯ ಚಕ್ರವರ್ತಿಯೆಂದು ಶಾಸನ ಹೊಗಳಿದ ಆ ಗುಡಿಯ ಮಂಟಪಗಳನ್ನೂ ನಾವು ಅಂಕಣಗಳಲ್ಲಿಯೇ ಎಣಿಸುತ್ತೇವೆ. ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ. ದೇವರ ಮನೆಯಲ್ಲಿ ಇದು ಕಲ್ಲಿನಲ್ಲಿದೆ, ರೈತನ ಮನೆಯಲ್ಲಿ ಮರದಲ್ಲಿದೆ. ಯಾರು ಯಾರಿಂದ ಕಲಿತರೆಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಕಿನ್ನಾಳದ ಚಿತ್ರಗಾರರ ಮರಗೆಲಸದ ಕೀರ್ತಿ ನಾಡಿಗೆಲ್ಲ ಹಬ್ಬಿದೆ. ರೈತನ ಮನೆಯ ಬೋದಿಗೆಗೆ ಗಿಳಿ ಹೂವುಗಳನ್ನು ಕೆತ್ತಿ ಕಣದಲ್ಲಿ ಆಯದ ಕಾಳು ಪಡೆದು ಹೋದ ಊರ ಬಡಿಗನ ಹೆಸರು ಎಲ್ಲಿಯೂ ದಾಖಲಾಗಿಲ್ಲ.

ಇನ್ನು ಮಾಳಿಗೆಯ ಮಾತು. ತೊಲೆಗಳ ಮೇಲೆ ಅಡ್ಡಲಾಗಿ ಜಂತಿಗಳನ್ನು ಹೊಂದಿಸುತ್ತಾರೆ. ಜಂತಿಗಳ ಮೇಲೆ ಕಟ್ಟಿಗೆಯ ಸೀಳುಗಳನ್ನು ಒತ್ತೊತ್ತಾಗಿ ಹಾಸುತ್ತಾರೆ. ಅದರ ಮೇಲೆ ಜೋಳದ ದಂಟು, ತೊಗರಿಯ ಕಟ್ಟಿಗೆ, ಈಚಲ ಗರಿ, ಬೇವಿನ ಸೊಪ್ಪು ಇವುಗಳಲ್ಲಿ ದೊರೆತದ್ದರ ದಪ್ಪನೆಯ ಹಾಸು. ಬೇವು ಹುಳುವನ್ನು ದೂರವಿಡುತ್ತದೆ. ಅದರ ಮೇಲೆ ತುಳಿದು ಹದಮಾಡಿದ ಕೆಸರಿನ ಒಂದು ಪದರ; ಅದು ಆರಿದ ಮೇಲೆ ಒಣ ಮಣ್ಣು; ಕಟ್ಟಕಡೆಗೆ ಚೌಳು ಮಣ್ಣಿನ ಹೊದಿಕೆ. ಸುತ್ತಲೂ ಕುಂಬಿ, ನೀರು ಹೊರಬೀಳಲು ಹರನಾಳಿಗೆ, ಒಳಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿಯೇ ಬಿಟ್ಟ ಬೆಳಕಿಂಡಿ. ಮಳೆ ಬಂದರೆ ಯಾರಾದರೂ ನಿಚ್ಚಣಿಕೆ ಹತ್ತಿ ಅದರ ಬಾಯಿ ಮುಚ್ಚಬೇಕು.

ಚೌಳು ಮಣ್ಣಿನ ವಿಷಯವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಹೊಲದಲ್ಲಿ ಚೌಳು ಕಂಡರೆ ರೈತ ಹಣೆ ಚಚ್ಚಿಕೊಳ್ಳುತ್ತಾನೆ. ಅಲ್ಲಿ ಬೆಳೆ ಏಳುವುದಿಲ್ಲ. ಆ ಮಣ್ಣಿನಲ್ಲಿರುವ ಸೋಡಿಯಮ್ಮಿನ ಲವಣಗಳೇ ಅದಕ್ಕೆ ಕಾರಣ. ನೀರು ತಾಗಿದೊಡನೆ ಜೇಡಿಯ ಕಣಗಳು ಒಂದರಿಂದೊಂದು ಬಿಡಿಬಿಡಿಯಾಗಿ ಹರಡಿ, ಮಣ್ಣಿನ ಸೂಕ್ಷ್ಮ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಕೆಳಗಿಳಿಯದೆ ಬೇರು ಉಸಿರುಕಟ್ಟುತ್ತದೆ. ಮಾಳಿಗೆಯ ಮೇಲೆ ನೀರು ಕೆಳಗಿಳಿಯದೆ ಮನೆ ಉಳಿಯುತ್ತದೆ. ಹೊಲದ ಶತ್ರುವನ್ನು ಮನೆಯ ಮಿತ್ರನನ್ನಾಗಿ ಮಾಡಿಕೊಂಡವರಿಗೆ ರಸಾಯನಶಾಸ್ತ್ರದ ಪರಿಭಾಷೆ ಗೊತ್ತಿರಲಿಲ್ಲ, ಅದರ ಫಲ ಚೆನ್ನಾಗಿ ಗೊತ್ತಿತ್ತು. ಅಷ್ಟು ದಪ್ಪದ ಮಣ್ಣು ಹಗಲಿನ ಬಿಸಿಯನ್ನು ಕುಡಿದು ನಿಧಾನವಾಗಿ ಕೆಳಗೆ ಬಿಡುತ್ತದೆ. ಮಧ್ಯಾಹ್ನದ ಉರಿ ಒಳಗೆ ಮುಟ್ಟುವ ಹೊತ್ತಿಗೆ ಹೊರಗೆ ರಾತ್ರಿಯ ತಂಪು ಇಳಿದಿರುತ್ತದೆ. ಮನೆಯವರು ಹಾಸಿಗೆ ಹಿಡಿದು ಮಾಳಿಗೆಯ ಮೇಲೆ ಹೋಗಿರುತ್ತಾರೆ. ಅದೇ ಮಾಳಿಗೆ ಹಗಲಿನಲ್ಲಿ ಮೆಣಸಿನಕಾಯಿ, ಸಂಡಿಗೆ, ಕಾಳುಗಳನ್ನು ಒಣಗಿಸುವ ಅಂಗಳ.

ಈ ಮನೆ ಒಮ್ಮೆ ಕಟ್ಟಿ ಮರೆತುಬಿಡತಕ್ಕದ್ದಲ್ಲ. ಮಿರಗದ ಮಳೆಗೆ ಮುಂಚೆ ಮಾಳಿಗೆಯ ಹುಲ್ಲು ಕಿತ್ತು, ಇಲಿಯ ಬಿಲ ಮುಚ್ಚಿ, ಹೊಸ ಚೌಳು ಹರವಿ ಬಡಿಯಬೇಕು. ಹಬ್ಬಕ್ಕೆ ಮುಂಚೆ ಗೋಡೆಗೆ ಮಣ್ಣು ಮೆತ್ತಿ ಸುಣ್ಣ ಬಳಿಯಬೇಕು, ಬುಡಕ್ಕೆ ಕೆಮ್ಮಣ್ಣಿನ ಕಾರಣೆ ಎಳೆಯಬೇಕು. ನೆಲವನ್ನು ಸೆಗಣಿಯಿಂದ ಸಾರಿಸುತ್ತಲೇ ಇರಬೇಕು. ಮಾಳಿಗೆಯ ಕೆಲಸಕ್ಕೆ ಓಣಿಯವರು ಮುಯ್ಯಾಳಾಗಿ ಬರುತ್ತಿದ್ದರು. ಸಾರಿಸುವ, ಮೆತ್ತುವ ಕೆಲಸವೆಲ್ಲ ಹೆಂಗಸರ ಪಾಲಿನದು. ಈ ಮನೆಯನ್ನು ಗಂಡಸರು ಒಮ್ಮೆ ಕಟ್ಟಿದರು, ಹೆಂಗಸರು ಪ್ರತಿ ವರ್ಷ ಕಟ್ಟಿದರು ಎಂದರೆ ಅತಿಶಯೋಕ್ತಿಯಾಗದು.

ಈಗ ಮೊದಲು ಹೇಳಿದ ಹೋಲಿಕೆಗೆ ಬರುತ್ತೇನೆ. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಡೆವನ್ ಎಂಬ ಪ್ರಾಂತವಿದೆ. ಅಲ್ಲಿಯ ಡಾರ್ಟ್‌ಮೂರ್ ಎಂಬ ಎತ್ತರದ ಬಯಲು ನಮ್ಮ ಗಂಗಾವತಿಯ ಗುಡ್ಡಗಳ ಹಾಗೆ ಗ್ರಾನೈಟಿನದು. ಮಳೆ ಮಾತ್ರ ನಮ್ಮದರ ಎರಡು ಪಟ್ಟಿಗೂ ಮಿಕ್ಕದ್ದು. ಆ ಬಯಲಿನ ರೈತರು ಮಧ್ಯಯುಗದಲ್ಲಿ ಕಟ್ಟಿಕೊಂಡ ಮನೆಗಳಿಗೆ ಉದ್ದಮನೆ ಎಂಬರ್ಥದ ಹೆಸರಿದೆ. ಅವುಗಳಲ್ಲಿ ಹೈಯರ್ ಅಪ್ಪಕಾಟ್ ಎಂಬ ಹುಲ್ಲುಹೊದಿಕೆಯ ತೋಟದ ಮನೆ ಹೆಚ್ಚು ಮಾರ್ಪಾಡಿಗೆ ಒಳಗಾಗದೆ ಇಂದಿಗೂ ನಿಂತಿದೆ. ಮನೆಯನ್ನು ಇಳಿಜಾರಿನಲ್ಲಿ ಉದ್ದುದ್ದವಾಗಿ ಕಟ್ಟಿದ್ದಾರೆ. ಮೇಲ್ಗಡೆಯ ಅರ್ಧ ಮನುಷ್ಯರದು, ತಗ್ಗಿನ ಅರ್ಧ ದನಗಳದು. ನಡುವೆ ಒಂದು ಓಣಿ. ಒಂದೇ ಸೂರಿನ ಕೆಳಗೆ ಇಬ್ಬರ ಬಾಳು. ದನದ ಭಾಗಕ್ಕೆ ಕಲ್ಲಿನ ಕಾಲುವೆ, ಕೊಳೆ ಕೆಳಗೆ ಹರಿದುಹೋಗುವಂತೆ. ದಂದಕ್ಕಿಯ ಮರ್ಮವನ್ನು ಅರಿತ ಯಲಬುರ್ಗಾದ ರೈತನನ್ನು ಅಲ್ಲಿಗೆ ಕರೆದೊಯ್ದರೆ ಅವನಿಗೆ ಯಾವ ವಿವರಣೆಯೂ ಬೇಕಾಗಲಿಕ್ಕಿಲ್ಲ.

ಸೂರಿನಲ್ಲಿ ಮಾತ್ರ ಎರಡೂ ಬೇರೆ. ಅಲ್ಲಿ ಮಳೆಯ ರಭಸಕ್ಕೆ ತಕ್ಕಂತೆ ಕಡಿದಾದ ಇಳಿಜಾರು, ಅದರ ಮೇಲೆ ದಪ್ಪನಾದ ಹುಲ್ಲು. ಆದರೆ ಆ ಹುಲ್ಲು ಎಲ್ಲಿಯದು? ಡೆವನ್ನಿನಲ್ಲಿ ಅದು ಬಹುಮಟ್ಟಿಗೆ ಅವರ ಹೊಲದ ಗೋಧಿಯದೇ. ಕಾಳು ಮನೆಯೊಳಗೆ ಹೋಯಿತು, ಹುಲ್ಲು ಮನೆಯ ಮೇಲೆ ಏರಿತು. ಆ ಕಾಲದ ಮನೆಗಳಿಗೆ ಹೊಗೆಗೂಡು ಇರಲಿಲ್ಲ. ಒಲೆಯ ಹೊಗೆ ಹುಲ್ಲಿನೊಳಗಿಂದಲೇ ಹೊರಗೆ ಸೋಸಿಹೋಗಬೇಕಿತ್ತು. ಹೊದಿಕೆ ಹಳೆಯದಾದಾಗ ಅಡಿಯ ಪದರವನ್ನು ಹಾಗೆಯೇ ಬಿಟ್ಟು ಮೇಲೆ ಹೊಸದನ್ನು ಹೊದಿಸಿದ್ದರಿಂದ, ಮಸಿ ಹಿಡಿದ ಮಧ್ಯಯುಗದ ಹುಲ್ಲು ಡೆವನ್ನಿನ ಹಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಆ ಹುಲ್ಲಿನ ತೆನೆಗಳನ್ನು ಬಿಡಿಸಿ ನೋಡಿದ ವಿಜ್ಞಾನಿಗಳು ಐದಾರು ಶತಮಾನಗಳ ಹಿಂದೆ ಅಲ್ಲಿ ಬೆಳೆಯುತ್ತಿದ್ದ ಗೋಧಿಯ ಜಾತಿಗಳನ್ನೂ ಹೊಲದ ಕಳೆಗಳನ್ನೂ ಗುರುತಿಸಿದ್ದಾರೆ. ಮಾಳಿಗೆಯೇ ಊರಿನ ಕೃಷಿಯ ಕಡತವಾಯಿತು. ನಮ್ಮ ಮೇಲ್ಮುದ್ದೆಯೊಳಗಿನ ಜೋಳದ ದಂಟು, ತೊಗರಿಯ ಕಟ್ಟಿಗೆಗಳೂ ಇಂಥ ಕಡತಗಳೇ. ಮನೆ ಕೆಡವಿದ ದಿನ ಅವುಗಳನ್ನು ನಾವು ಟ್ರ್ಯಾಕ್ಟರಿನಲ್ಲಿ ಹೇರಿ ತಿಪ್ಪೆಗೆ ಸುರಿಯುತ್ತೇವೆ.

ಹುಲ್ಲಿನ ಸೂರು ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲಿಯೂ ಬಡತನದ ಚಿಹ್ನೆಯಾಗಿತ್ತು. ರೈಲು, ಕಾಲುವೆಗಳು ಬಂದು ಹಂಚು, ಕಲ್ಲುಹಲಗೆಗಳು ಅಗ್ಗವಾದಾಗ ಜನ ಅದನ್ನು ಕಿತ್ತೆಸೆದರು. ೧೯೪೭ರ ಶಾಸನದ ಅನಂತರ ಅಲ್ಲಿ ಚಾರಿತ್ರಿಕ ಕಟ್ಟಡಗಳನ್ನು ಪಟ್ಟಿ ಮಾಡುವ ಪದ್ಧತಿ ಬಂದಿತು. ಪಟ್ಟಿಗೆ ಸೇರಿದ ಮನೆಯನ್ನು ಅನುಮತಿಯಿಲ್ಲದೆ ಕೆಡವುವುದಾಗಲಿ ಮಾರ್ಪಡಿಸುವುದಾಗಲಿ ಅಪರಾಧ. ಹೈಯರ್ ಅಪ್ಪಕಾಟ್ ಆ ಪಟ್ಟಿಯ ಮೊದಲ ದರ್ಜೆಯಲ್ಲಿದೆ. ಗಮನಿಸಬೇಕಾದುದು ಇದು: ಹುಲ್ಲಿನ ಹೊದಿಕೆ ಶಾಶ್ವತವಲ್ಲ. ಅದರ ನೆತ್ತಿಯನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಬೇಕು, ಒಟ್ಟು ಹೊದಿಕೆಯನ್ನು ಕೆಲವು ದಶಕಗಳಿಗೊಮ್ಮೆ ನವೀಕರಿಸಬೇಕು. ಆದರೂ ಅದನ್ನು ಯಾರೂ ಕಚ್ಚಾ ಮನೆಯೆನ್ನುವುದಿಲ್ಲ.

ನಮ್ಮಲ್ಲಿ ಏನಾಗಿದೆ? ಜನಗಣತಿಯ ಲೆಕ್ಕದಲ್ಲಿ ಮಣ್ಣು, ಹುಲ್ಲುಗಳ ಸೂರು ತಾತ್ಕಾಲಿಕ ಸಾಮಗ್ರಿ; ಕಾಂಕ್ರೀಟು, ಹಂಚು, ತಗಡು ಶಾಶ್ವತ ಸಾಮಗ್ರಿ. ನೂರು ವರ್ಷ ಬಾಳಿದ ಒಂಬತ್ತು ಅಂಕಣದ ಮಾಳಿಗೆಯ ಮನೆಯ ಸೂರು ಸರ್ಕಾರದ ಕಾಗದದಲ್ಲಿ ತಾತ್ಕಾಲಿಕ, ಮೊನ್ನೆ ಹೊದಿಸಿದ ತಗಡು ಶಾಶ್ವತ! ಕಚ್ಚಾ, ಪಕ್ಕಾ ಎಂಬ ಎರಡು ಮಾತುಗಳು ಅಧಿಕಾರಿಯ ವಹಿಯಿಂದ ಊರ ಕಟ್ಟೆಗೂ, ಕಟ್ಟೆಯಿಂದ ಮದುವೆಯ ಮಾತಿಗೂ ಇಳಿದುಬಂದಿವೆ. ೧೯೮೫ರಲ್ಲಿ ಆರಂಭವಾದ ಇಂದಿರಾ ಆವಾಸ್ ಯೋಜನೆ, ೨೦೧೬ರಲ್ಲಿ ಅದರ ಸ್ಥಾನಕ್ಕೆ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ ಇವು ಮನೆಯಿಲ್ಲದ ಲಕ್ಷಾಂತರ ಬಡವರಿಗೆ ಸೂರು ಕೊಟ್ಟಿವೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಈ ಎರಡನೆಯ ಯೋಜನೆಯಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ ಅಡುಗೆಯ ಜಾಗವೂ ಸೇರಿ ೨೫ ಚದರ ಮೀಟರು. ಹತ್ತಡಿ ಚೌಕದ ಅಂಕಣವೆಂದು ಹಿಡಿದರೆ ಮೂರು ಅಂಕಣಕ್ಕೂ ಕಡಿಮೆ. ಅದರಲ್ಲಿ ಎತ್ತು ಎಲ್ಲಿ ನಿಲ್ಲಬೇಕು? ಕಾಳು ಎಲ್ಲಿರಬೇಕು? ಒಕ್ಕಲುತನ ಮಾಡುವವನಿಗೆ ಒಕ್ಕಲುತನಕ್ಕೆ ಎಡೆಯಿಲ್ಲದ ಮನೆಯನ್ನು ಕೊಟ್ಟಂತಾಯಿತು. ಬೇಸಿಗೆಯಲ್ಲಿ ಕಾಂಕ್ರೀಟಿನ ತೆಳು ಚಾವಣಿಯ ಕೆಳಗೆ ಹಗಲು ಕಳೆಯಲಾರದೆ, ಮುಂದೆ ಛಪ್ಪರ ಹಾಕಿಕೊಂಡು ಕೂತವರನ್ನು ಯಾವ ಹಳ್ಳಿಯಲ್ಲಾದರೂ ಕಾಣಬಹುದು.

ಇಷ್ಟು ಹೇಳಿದ ಮೇಲೆ ಈ ಮನೆಯ ಇನ್ನೊಂದು ಮುಖವನ್ನು ಮುಚ್ಚಿಡುವುದು ನ್ಯಾಯವಲ್ಲ. ಒಂದು ಘನಮೀಟರ್ ಒಣಮಣ್ಣು ಒಂದೂವರೆ ಟನ್ನಿನಷ್ಟು ತೂಗುತ್ತದೆ. ಹತ್ತಡಿ ಚೌಕದ ಅಂಕಣದ ಮೇಲೆ ಒಂದಡಿ ಮಣ್ಣಿದ್ದರೆ ಮಲಗಿದವರ ತಲೆಯ ಮೇಲೆ ಸುಮಾರು ೪ ಟನ್ ಭಾರ. ಹಳೆಯದನ್ನು ತೆಗೆಯದೆ ವರ್ಷವರ್ಷವೂ ಹೊಸ ಮಣ್ಣನ್ನು ಹೇರಿದರೆ ಆ ಭಾರ ಇನ್ನೂ ಬೆಳೆಯುತ್ತದೆ. ಮಳೆ ಹಿಡಿದು ನೆನೆದರೆ ಮತ್ತಷ್ಟು. ೧೯೯೩ರ ಸೆಪ್ಟೆಂಬರ್ ೩೦ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಸೀಮೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಹತ್ತು ಸಾವಿರದ ಸಮೀಪ ಜನ ಸತ್ತರು. ಅಲ್ಲಿಯವೂ ನಮ್ಮಂಥವೇ ಮಾಳಿಗೆಯ ಮನೆಗಳು. ಉಂಡೆಗಲ್ಲುಗಳನ್ನು ಮಣ್ಣಿನಲ್ಲಿ ಪೇರಿಸಿ, ಒಳಮೈ ಹೊರಮೈಗಳನ್ನು ಬೆಸೆಯುವ ಉದ್ದಗಲ್ಲುಗಳನ್ನು ಇಡದೆ ಕಟ್ಟಿದ ದಪ್ಪ ಗೋಡೆಗಳು ಹರಡಿ ಬಿದ್ದವು. ೨೦೦೯ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಿನ ಮಹಾಮಳೆಯಲ್ಲಿ ಉತ್ತರ ಕರ್ನಾಟಕದಾದ್ಯಂತ ಲಕ್ಷಗಟ್ಟಲೆ ಮನೆಗಳು ಕುಸಿದವು. ಗೋಡೆಯಡಿ ಸಿಕ್ಕಿ ಸತ್ತವರೂ ಬಹಳ. ಮಗುವನ್ನು ಕಳೆದುಕೊಂಡ ತಾಯಿಯ ಎದುರಿಗೆ ನಿಂತು ಮಣ್ಣಿನ ಮನೆಯ ಸೊಬಗನ್ನು ವರ್ಣಿಸುವ ಧೈರ್ಯ ಯಾರಿಗಿದೆ?

ಇನ್ನೊಂದು ಮಾತು. ಊರಿಗೆಲ್ಲ ಒಂದೇ ಬಗೆಯ ಸೂರು ಇರಲಿಲ್ಲ. ದೇಸಾಯಿಗೆ ವಾಡೆ, ಒಕ್ಕಲಿಗೆ ಮಾಳಿಗೆ, ಊರ ಹೊರಗಿನ ಕೇರಿಗೆ ಹುಲ್ಲಿನ ಗುಡಿಸಲು. ಯಾರು ಕಟ್ಟೆಯ ತನಕ, ಯಾರು ದಂದಕ್ಕಿಯ ತನಕ, ಯಾರು ಪಡಸಾಲೆಯ ತನಕ ಬರಬಹುದೆಂಬುದನ್ನು ಜಾತಿ ನಿರ್ಣಯಿಸುತ್ತಿತ್ತು. ಮಾಳಿಗೆಯ ಮಣ್ಣು ಹೊತ್ತ ಎಷ್ಟೋ ಕೈಗಳಿಗೆ ಆ ಮಾಳಿಗೆಯ ನೆರಳು ದೊರೆಯಲಿಲ್ಲ. ಕಾಂಕ್ರೀಟಿನ ಚಾವಣಿ ಕೇರಿಗೂ ವಾಡೆಗೂ ಒಂದೇ ಆಗಿ ಬಂದಾಗ, ಕೇರಿಯವರು ಅದನ್ನು ಬರಿಯ ಚಾವಣಿಯೆಂದಲ್ಲ, ಗೌರವವೆಂದು ಬರಮಾಡಿಕೊಂಡರು. ಪಕ್ಕಾ ಮನೆಯ ಹಂಬಲದಲ್ಲಿ ಈ ನೋವಿನ ಚರಿತ್ರೆಯೂ ಸೇರಿದೆಯೆಂಬುದನ್ನು ಮರೆತು ನಾವು ಪರಂಪರೆಯ ಮಾತನ್ನು ಆಡಬಾರದು.

ಹಾಗಾದರೆ ಮೇಲ್ಮುದ್ದೆಯ ಮನೆ ಅಳಿಯುತ್ತಿರುವುದು ಏತಕ್ಕೆ? ಮಣ್ಣು ದುರ್ಬಲವೆಂದೇ? ನನಗೆ ಹಾಗೆ ತೋರುವುದಿಲ್ಲ. ಕಿಲ್ಲಾರಿಯಲ್ಲಿ ಕೂಡ ಕಂಬ ತೊಲೆಗಳ ಚೌಕಟ್ಟು ಗಟ್ಟಿಯಾಗಿದ್ದ ಎಷ್ಟೋ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ಕಂಬಗಳ ಮೇಲೆ ನಿಂತಿತ್ತು. ಮನೆ ಅಳಿಯುತ್ತಿರುವುದು, ಅದನ್ನು ಹೆತ್ತ ಒಕ್ಕಲುತನ ಬದಲಾದದ್ದರಿಂದ. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆ ಹರಿದ ಮೇಲೆ ಗಂಗಾವತಿಯ ಸೀಮೆ ಭತ್ತದ ಕಣಜವಾಯಿತು. ಜೋಳದ ನೀಳ ದಂಟು ಹೊಲದಿಂದ ಹೋಯಿತು. ಒಣಭೂಮಿಯಲ್ಲಿಯೂ ಗಿಡ್ಡ ತಳಿಯ ಹೈಬ್ರಿಡ್ ಜೋಳ ಬಂದಿತು. ಟ್ರ್ಯಾಕ್ಟರು ಬಂದು ಎತ್ತು ಹೋಯಿತು. ದಂದಕ್ಕಿ ಬರಿದಾಗಿ ಅಲ್ಲಿ ಮೋಟಾರುಬೈಕು ನಿಂತಿತು. ಎತ್ತಿನ ಜೊತೆಗೆ ಸೆಗಣಿಯೂ ಹೋಯಿತು. ಮನೆ ಪಾಲಾಗಿ ಅಂಕಣಗಳ ನಡುವೆ ಗೋಡೆ ಎದ್ದಿತು. ತಮ್ಮ ತನ್ನ ಮಾಳಿಗೆಗೆ ಚೌಳು ಹಾಕದಿದ್ದರೆ ಅಣ್ಣನ ಮಾಳಿಗೆಯೂ ಸೋರತೊಡಗಿತು. ದುಡಿಯುವ ಮಕ್ಕಳು ಬೆಂಗಳೂರಿಗೂ ಗೋವೆಗೂ ಹೋದರು. ಮಿರಗಕ್ಕೆ ಮುಂಚೆ ನಿಚ್ಚಣಿಕೆ ಹತ್ತಲು ಮನೆಯಲ್ಲಿ ಮುದುಕರಷ್ಟೆ ಉಳಿದರು. ಆರೈಕೆ ತಪ್ಪಿದ ಮಾಳಿಗೆ ಸೋರಿತು, ಸೋರಿದ ಮಾಳಿಗೆ ಜಂತಿಯನ್ನು ಕೊಳೆಸಿತು, ಕೊಳೆತ ಜಂತಿ ಒಂದು ರಾತ್ರಿ ಮುರಿಯಿತು. ಮರುದಿನ ನಾವು ಮಣ್ಣಿನ ಮನೆಯನ್ನು ನಂಬಬಾರದೆಂದೆವು.

ಕಚ್ಚಾ ಎಂಬ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕಾಗಿ. ಮೇಲ್ಮುದ್ದೆಯ ಮನೆಯ ಬಾಳಿಕೆ ಅದರ ಸಾಮಗ್ರಿಯಲ್ಲಿರಲಿಲ್ಲ. ವರ್ಷಕ್ಕೊಮ್ಮೆ ಅದನ್ನು ಮುಟ್ಟುವ ಕೈಗಳಲ್ಲಿತ್ತು. ಕೈಗಳಿದ್ದಷ್ಟು ಕಾಲ ಅದು ಪಕ್ಕಾ ಮನೆಯೇ. ಡೆವನ್ನಿನ ಹುಲ್ಲುಮನೆ ಇಂದಿಗೂ ನಿಂತಿರುವುದು ಹುಲ್ಲು ಗಟ್ಟಿಯೆಂದಲ್ಲ. ಹೊದಿಸಬಲ್ಲ ಕುಶಲಿಗಳನ್ನೂ, ಅವರಿಗೆ ಕೊಡುವ ಕೂಲಿಯನ್ನೂ, ಉದ್ದ ದಂಟಿನ ಹಳೆಯ ಗೋಧಿಯನ್ನು ಹೊದಿಕೆಗಾಗಿಯೇ ಬೆಳೆಯುವ ಕೆಲವು ಹೊಲಗಳನ್ನೂ ಆ ಸಮಾಜ ಉಳಿಸಿಕೊಂಡಿತೆಂದು.

ನಾವೇನು ಮಾಡಬಹುದು? ಎಲ್ಲ ಹಳ್ಳಿಗರೂ ಮಣ್ಣಿನ ಮನೆಯಲ್ಲಿಯೇ ಇರಬೇಕೆಂದು ಪಟ್ಟಣದಲ್ಲಿ ಕುಳಿತು ಹೇಳುವುದು ಅವಿವೇಕ. ಆದರೆ ನಿಂತಿರುವ ಒಳ್ಳೆಯ ಮನೆಯನ್ನು ಕೆಡವಿದರೆ ಮಾತ್ರ ಹಣ, ದುರಸ್ತಿ ಮಾಡಿಕೊಂಡರೆ ಇಲ್ಲ ಎಂಬ ನಿಯಮ ಬದಲಾಗಬಹುದು. ಗೋಡೆಗೆ ಬೆಸುಗೆಗಲ್ಲು, ಕಂಬ ತೊಲೆಗಳ ಸಂದಿಗೆ ಕಬ್ಬಿಣದ ಪಟ್ಟಿ, ಹಳೆಯ ಮಣ್ಣನ್ನು ಇಳಿಸಿ ಹಗುರಾದ ಹೊಸ ಹೊದಿಕೆ ಇವು ದೊಡ್ಡ ವೆಚ್ಚದ ಕೆಲಸಗಳಲ್ಲ. ೧೯೮೬ರಲ್ಲಿ ಹಂಪೆಯ ಸ್ಮಾರಕಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ೨೦೦೨ರ ಕಾಯಿದೆಯಿಂದ ಹೊಳೆಯಾಚೆಯ ಆನೆಗೊಂದಿಯೂ ರಕ್ಷಿತ ಪ್ರದೇಶದೊಳಗೆ ಬಂದಿತು. ಅಲ್ಲಿಯ ಜನ ಹ್ಯಾಗೆ ಬಾಳುತ್ತಿದ್ದರೆಂಬುದೂ ಪರಂಪರೆಯೇ ಎಂಬ ಅರಿವು ಮೆಲ್ಲನೆ ಮೂಡುತ್ತಿದೆ. ಆ ಅರಿವು ಯಲಬುರ್ಗಾ, ಕುಷ್ಟಗಿಗಳ ಎರೆಯ ಹಳ್ಳಿಗಳಿಗೂ ತಲುಪಬೇಕು. ಅದಕ್ಕೂ ಮೊದಲು, ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ ಹಿಡಿದು ತಮ್ಮ ತಮ್ಮ ಊರಿನ ಒಂದೊಂದು ಮನೆಯನ್ನು ಅಳೆದು ಬರೆದಿಡಲಿ. ಎಷ್ಟು ಅಂಕಣ, ಯಾವ ಮರ, ಯಾವ ಹೊಲದ ಚೌಳು, ಮಾಳಿಗೆಯನ್ನು ಬಡಿದವರು ಯಾರು, ನೆಲವನ್ನು ಸಾರಿಸಿದವರು ಯಾರು? ಇಟಗಿಯ ಗುಡಿಯ ಬಗೆಗೆ ನಮಗೆ ಶಾಸನ ಹೇಳುತ್ತದೆ. ಈ ಮನೆಯ ಶಾಸನಗಳು ಎಪ್ಪತ್ತು ಎಂಬತ್ತು ವರ್ಷದ ಅಜ್ಜ ಅಜ್ಜಿಯರ ನೆನಪಿನಲ್ಲಿವೆ; ಅವರು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿರುವಾಗಲೇ ಹೋಗಿ ಕೇಳಬೇಕು.